ಸಿಸ್ಟಮ್ ತೋರಿಸ್ತಾ ಇದೆ ಸಾರ್!

ನಮ್ಮ ಅಮ್ಮನಿಗೆ ಈಗ ಎಂಬತ್ತೊಂದು ವರ್ಷ. ಕುಂದಾಪುರದಿಂದ ಸ್ವಲ್ಪ ಒಳಗಿರುವ ನಮ್ಮ ಹಳ್ಳಿಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಅವಳ ಕೈಯಲ್ಲಿರುವುದು ಬಟನ್ ಒತ್ತುವ ಹಳೇ ಮಾದರಿಯ ಮೊಬೈಲು. ಅದಕ್ಕೆ ದುಡ್ಡು ಹಾಕುವ ಕೆಲಸ ಮಾತ್ರ ಮುಂಬಯಿಯಲ್ಲಿರುವ ನನ್ನದು. 2025ರ ಜನವರಿಯವರೆಗೂ ಇಪ್ಪತ್ತೆಂಟು ದಿನಕ್ಕೊಮ್ಮೆ ಡೋಂಬಿವಿಲಿ ಲೋಕಲ್‌ನಲ್ಲಿ ನಿಂತುಕೊಂಡೇ ರೀಚಾರ್ಜ್ ಮಾಡುತ್ತಿದ್ದೆ. ಒಮ್ಮೆ ಮರೆತುಬಿಟ್ಟಿದ್ದೆ. ಎರಡು ದಿನ ಅಮ್ಮನ ಫೋನು ಮೂಕಿಯಾಗಿತ್ತು. ಮೂರನೇ ದಿನ ಪಕ್ಕದ ಮನೆಯವರ ಫೋನಿನಿಂದ ಮಾಡಿ ಕೇಳಿದಳು, "ಎಂತ ಮಗ, ನನ್ ಮೇಲ್ ಸಿಟ್ಟಾ?"

ಈ ಬರಹ ಫೋನ್ ಬಿಲ್ಲಿನ ಬಗ್ಗೆ. ಬ್ಯಾಂಕಿನವನಿಗೆ ಟೆಲಿಫೋನ್ ವಿಷಯ ಯಾಕಪ್ಪಾ ಅಂತ ನಿಮಗೆ ಅನ್ನಿಸಬಹುದು. ಬಿ.ಕಾಂ. ಮುಗಿಸಿ 1990ರಲ್ಲಿ ಬ್ಯಾಂಕಿಗೆ ಸೇರಿದವನು ನಾನು. ಮೂವತ್ತೈದು ವರ್ಷದಿಂದ ಡೆಬಿಟ್ಟು ಕ್ರೆಡಿಟ್ಟು ನೋಡಿಕೊಂಡೇ ಬಂದಿದ್ದೇನೆ. ಬಿಲ್ಲು ಅನ್ನುವುದು ಕೊನೆಗೂ ಒಂದು ಲೆಕ್ಕವೇ. ಲೆಕ್ಕದ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಇದರ ಮೂಲ 2012ರ ಒಂದು ಘಟನೆ. ಆಗ ಅಮ್ಮನಿಗೆ ಫೋನ್ ಮಾಡಿದರೆ ರಿಂಗಿನ ಬದಲು ಭಜನೆ ಕೇಳಿಸುತ್ತಿತ್ತು. ಅಮ್ಮನಿಗೆ ವಯಸ್ಸಾಯಿತು, ದೇವರ ಕಡೆ ಮನಸ್ಸು ಹೋಗಿದೆ ಅಂತ ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು. ಎರಡು ವಾರ ಕಳೆದ ಮೇಲೆ ಅಮ್ಮನೇ ಫೋನ್ ಮಾಡಿದಳು. "ಮೂವತ್ತ್ ರೂಪಾಯಿ ಹೋಯ್ತ್ ಮಗ. ನಾ ಯಾರಿಗೂ ಫೋನ್ ಮಾಡ್ಲಿಲ್ಲ. ಎಲ್ಲಿಗ್ ಹೋಯ್ತ್ ಅಂತ ನೀನೇ ಕೇಂಡ್ ಹೇಳ್."

ಆಮೇಲೆ ಗೊತ್ತಾಯಿತು, ಆ ಭಜನೆಗೇ ತಿಂಗಳಿಗೆ ಮೂವತ್ತು ರೂಪಾಯಿ. ಅಮ್ಮನಿಗೆ ಭಜನೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಕಾಲರ್ ಟ್ಯೂನು ಕೇಳಿಸುವುದು ಫೋನ್ ಮಾಡಿದವರಿಗೆ, ದುಡ್ಡು ಕೊಡುವವರಿಗಲ್ಲ. ಕೊಂಡವರು ಒಂದು ದಿನವೂ ನೋಡದ, ಕೇಳದ ಸಾಮಾನು ಇದೊಂದೇ ಇರಬೇಕು!

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ ಅಂತೆಲ್ಲ ಆಗಿ ಕೊನೆಗೊಬ್ಬ ಹುಡುಗ ಸಿಕ್ಕಿದ. ಪಾಪ, ಬಹಳ ಮರ್ಯಾದೆಯಿಂದಲೇ ಮಾತಾಡಿದ.

"ಸರ್, ಕಸ್ಟಮರ್ ಕಡೆಯಿಂದಲೇ ಆಕ್ಟಿವೇಟ್ ಆಗಿದೆ."

"ಯಾವತ್ತು, ಯಾವ ನಂಬರ್ ಒತ್ತಿ, ಹೇಗೆ ಆಕ್ಟಿವೇಟ್ ಮಾಡಿದರು ಹೇಳ್ತೀರಾ?"

"ಅದು ನಮಗೆ ಕಾಣಿಸಲ್ಲ ಸರ್. ಆಕ್ಟಿವೇಟ್ ಆಗಿದೆ ಅಂತ ಸಿಸ್ಟಮ್ ತೋರಿಸ್ತಾ ಇದೆ."

ನಾನು ಬಿಡಲಿಲ್ಲ. ಹತ್ತು ನಿಮಿಷ ಆದ ಮೇಲೆ ಅವನ ಮೇಲಿನವರು ಬಂದು, "ಗುಡ್‌ವಿಲ್ ಆಗಿ ಮೂವತ್ತು ರೂಪಾಯಿ ವಾಪಸ್ ಹಾಕ್ತೇವೆ ಸರ್" ಅಂದರು. ತಪ್ಪಾಯಿತು ಅಂತಲ್ಲ, ಔದಾರ್ಯದಿಂದ! ಅಮ್ಮನಿಗೆ ಹೇಳಿದೆ. ಅವಳಿಗೆ ಸಂತೋಷವೇನೂ ಆಗಲಿಲ್ಲ. "ಅವರದ್ದ್ ತಪ್ಪಿಲ್ಲ ಅಂದ್ರೆ ಎಂತಕ್ ಕೊಟ್ರ್?" ಅಂತ ಕೇಳಿದಳು. ಆಗ ನಮ್ಮ ಮನೆಯಲ್ಲಿ ಎರಡು ಹಸು ಇದ್ದವು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿದರೆ ಎಷ್ಟು ಲೀಟರು, ಎಷ್ಟು ಫ್ಯಾಟು ಅಂತ ಪುಟ್ಟ ಪುಸ್ತಕದಲ್ಲಿ ಬರೆದು ಕೊಡುತ್ತಿದ್ದರು. ಅದನ್ನು ನೆನಪಿಸಿ, "ಅರ್ಧ ಲೀಟರ್ ಹಾಲಿಗೂ ಪುಸ್ತಕ ಇತ್ತ್, ಫೋನಿಗ್ ಎಂತಕೆ ಇಲ್ಲೆ?" ಅಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅದಕ್ಕಿಂತ ಹೆಚ್ಚು ಮುಖಭಂಗವಾದದ್ದು ಮುಂದಿನ ವಾರ. ಆಗ ನಾನಿದ್ದದ್ದು ಪರೇಲ್ ಕಡೆಯ ಒಂದು ಬ್ರಾಂಚಿನಲ್ಲಿ. ಮುಚ್ಚಿಹೋದ ಬಟ್ಟೆ ಗಿರಣಿಯ ಹಳೇ ಕಾರ್ಮಿಕರೊಬ್ಬರು ಪಾಸ್‌ಬುಕ್ ಹಿಡಿದುಕೊಂಡು ಬಂದರು. 16 ರೂಪಾಯಿ 85 ಪೈಸೆ ಕಟಾವಾಗಿತ್ತು. ಯಾತಕ್ಕೆ ಅಂತ ಕೇಳಿದರು. ಎಸ್ಸೆಮ್ಮೆಸ್ ಕಳಿಸುವುದಕ್ಕೆ ಮೂರು ತಿಂಗಳಿಗೆ ಹದಿನೈದು ರೂಪಾಯಿ, ಮೇಲೆ ಸರ್ವಿಸ್ ಟ್ಯಾಕ್ಸು. "ನನ್ನ ಹತ್ತಿರ ಮೊಬೈಲೇ ಇಲ್ಲವಲ್ಲ ಸಾಹೇಬ್" ಅಂದರು. ಫಾರ್ಮಿನಲ್ಲಿ ಅವರ ಮಗನ ನಂಬರ್ ಇತ್ತು. ಹಿಂದೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ನಾನು ಮರಾಠಿಯಲ್ಲಿ ಹೇಳಿದೆ, "ಕಾಕಾ, ಅದನ್ನು ನಾವು ಕತ್ತರಿಸೋದಲ್ಲ, ಸಿಸ್ಟಮ್ ತಾನಾಗಿ ಕತ್ತರಿಸುತ್ತೆ."

ಅವರು ಪಾಸ್‌ಬುಕ್ ಮಡಚಿ ಜೇಬಿಗೆ ಹಾಕಿಕೊಂಡು, "ಆ ಸಿಸ್ಟಮ್ ಯಾರದ್ದು ಸಾಹೇಬ್, ನಿಮ್ಮದೇ ಅಲ್ಲವೇ?" ಅಂತ ಕೇಳಿ ಹೋದರು. ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಒಳ್ಳೆಯದಿತ್ತು, ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಅಂದಿನಿಂದ ಈ 'ಸಿಸ್ಟಮ್' ಅಂದರೆ ಏನು ಅನ್ನುವ ಕುತೂಹಲ ಶುರುವಾಯಿತು. ನನ್ನ ತಂಗಿಯ ಮಗ ಪುಣೆಯಲ್ಲಿ ಟೆಲಿಕಾಂ ಬಿಲ್ಲಿಂಗ್ ಸಾಫ್ಟ್‌ವೇರಿನ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗಲೆಲ್ಲ ಊಟದೆಲೆಯ ಮುಂದೆ ಅವನ ತಲೆ ತಿಂದು ತಿಳಿದುಕೊಂಡದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ಮೊದಲು ಹಳೇ ಕಾಲ ನೆನಪಿಸಿಕೊಳ್ಳಿ. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನ ಮುಂದೆ ರಾತ್ರಿ ಹನ್ನೊಂದರ ಕಾಲು ದರಕ್ಕಾಗಿ ಸಾಲು ನಿಲ್ಲುತ್ತಿದ್ದೆವು. ಮಾತಾಡುವಾಗ ಕಣ್ಣು ಮಾತ್ರ ಮೀಟರಿನ ಕೆಂಪು ಅಂಕಿಗಳ ಮೇಲೆ. ದೂರ ಹೆಚ್ಚಾದಷ್ಟೂ ಪಲ್ಸು ಚಿಕ್ಕದು, ಮೀಟರು ಅಷ್ಟೇ ಬೇಗ ಓಡುತ್ತಿತ್ತು. ಅಪ್ಪ ಗದ್ದೆಯ ಸುದ್ದಿ ಶುರುಮಾಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಮುಗಿದ ಕೂಡಲೇ ಚೀಟಿ ಬರುತ್ತಿತ್ತು. ಯಾವ ನಂಬರು, ಎಷ್ಟು ಹೊತ್ತು, ಎಷ್ಟು ರೂಪಾಯಿ... ಎಲ್ಲ ಅದರಲ್ಲಿ. ದರ ದುಬಾರಿಯಾಗಿತ್ತು ನಿಜ. ಲೆಕ್ಕ ಮಾತ್ರ ಕಣ್ಣೆದುರಿಗೇ ಆಗುತ್ತಿತ್ತು.

ಈಗಿನ ವ್ಯವಸ್ಥೆಯಲ್ಲಿ ನೀವು ಒಂದು ಕರೆ ಮಾಡಿದರೆ ಕಂಪನಿಯ ಎಕ್ಸ್‌ಚೇಂಜು ಒಂದು ದಾಖಲೆ ಬರೆಯುತ್ತದೆ. ಯಾರು ಯಾರಿಗೆ ಮಾಡಿದರು, ಎಷ್ಟು ಗಂಟೆಗೆ, ಎಷ್ಟು ಸೆಕೆಂಡು, ಯಾವ ಟವರಿನಿಂದ, ಇಷ್ಟು. ಇದಕ್ಕೆ ಸಿಡಿಆರ್ ಅಂತ ಹೆಸರು. ಕಾಲ್ ಡೀಟೇಲ್ ರೆಕಾರ್ಡು. ನಮ್ಮ ಭಾಷೆಯಲ್ಲಿ ಅದು ವೋಚರು. ಈ ವೋಚರಿನಲ್ಲಿ ದುಡ್ಡಿನ ಮೊತ್ತ ಇರುವುದಿಲ್ಲ, ಬರೀ ನಡೆದ ಸಂಗತಿ ಇರುತ್ತದೆ.

ಕಂಪನಿಯ ನೂರಾರು ಯಂತ್ರಗಳಿಂದ ಇಂಥ ಕೋಟಿಗಟ್ಟಲೆ ವೋಚರು ಬರುತ್ತವೆ. ಒಂದೊಂದು ತಯಾರಕರ ಯಂತ್ರದ್ದು ಒಂದೊಂದು ನಮೂನೆ. ಅವನ್ನೆಲ್ಲ ಒಂದೆಡೆ ಸೇರಿಸಿ, ಒಂದೇ ನಮೂನೆಗೆ ತಂದು, ಎರಡೆರಡು ಸಲ ಬಂದದ್ದನ್ನು ತೆಗೆದುಹಾಕಿ, ಉದ್ದದ ಕರೆ ತುಂಡು ತುಂಡಾಗಿ ಬಂದಿದ್ದರೆ ಜೋಡಿಸುವ ಘಟ್ಟಕ್ಕೆ ಮೀಡಿಯೇಶನ್ ಅನ್ನುತ್ತಾರೆ. ನಮ್ಮ ಚೆಕ್ ಕ್ಲಿಯರಿಂಗ್ ಇದ್ದ ಹಾಗೆ. ಯಾರ ಖಾತೆಗೆ ಸೇರಬೇಕು ಅಂತ ಗೊತ್ತಾಗದ ದಾಖಲೆಗಳನ್ನು ಬೇರೆ ಇಡುತ್ತಾರೆ. "ಅದಕ್ಕೆ ನಾವು ಸಸ್ಪೆನ್ಸ್ ಅಂತೀವಿ ಮಾವ" ಅಂದ ಅಳಿಯ. "ನಾವೂ ಹಾಗೇ ಅಂತೀವಿ ಕಣೋ" ಅಂದೆ!

ಆಮೇಲೆ ಬರುವುದು ರೇಟಿಂಗ್. ಈ ಗಿರಾಕಿಯ ಪ್ಲಾನ್ ಯಾವುದು, ಅದರಲ್ಲಿ ಈ ಕರೆಗೆ ಎಷ್ಟು ದರ, ಉಚಿತ ನಿಮಿಷ ಉಳಿದಿದೆಯೇ ಅಂತ ನೋಡಿ ವೋಚರಿಗೆ ಬೆಲೆ ಹಾಕುವುದು. ತಿಂಗಳ ಕೊನೆಗೆ ಅವನ್ನೆಲ್ಲ ಕೂಡಿಸಿ, ಬಾಡಿಗೆ ಸೇರಿಸಿ, ರಿಯಾಯಿತಿ ಕಳೆದು, ತೆರಿಗೆ ಹಾಕಿದರೆ ಬಿಲ್ಲು ತಯಾರು. 2017ರ ಜುಲೈಯಿಂದ ಈ ತೆರಿಗೆ ಜಿಎಸ್‌ಟಿ, ನೂರಕ್ಕೆ ಹದಿನೆಂಟು. ಎಲ್ಲರ ಬಿಲ್ಲನ್ನೂ ಒಂದೇ ದಿನ ಮಾಡಿದರೆ ಯಂತ್ರ ಕುಸಿದು ಬೀಳುತ್ತದೆ ಅಂತ ಗಿರಾಕಿಗಳನ್ನು ಗುಂಪು ಮಾಡಿ ಬೇರೆ ಬೇರೆ ತಾರೀಕು ಕೊಡುತ್ತಾರೆ. ನಿಮ್ಮ ಬಿಲ್ಲು ಏಳಕ್ಕೆ, ಪಕ್ಕದ ಮನೆಯವರದು ಹದಿನೆಂಟಕ್ಕೆ ಬರುವುದು ಇದಕ್ಕೇ.

ಇದೆಲ್ಲ ಪೋಸ್ಟ್‌ಪೇಡ್ ಕಥೆ. ಪ್ರೀಪೇಡ್ ಬೇರೆ. ಅಲ್ಲಿ ಆಮೇಲೆ ಲೆಕ್ಕ ಹಾಕುತ್ತಾ ಕೂತರೆ ಆಗುವುದಿಲ್ಲ, ಕರೆ ನಡೆಯುತ್ತಿರುವಾಗಲೇ ಹಾಕಬೇಕು. ನೀವು ನಂಬರ್ ಒತ್ತಿದ ಕ್ಷಣದಲ್ಲಿ ನೆಟ್‌ವರ್ಕು ಲೆಕ್ಕದ ಯಂತ್ರವನ್ನು ಕೇಳುತ್ತದೆ, ಇವರ ಖಾತೆಯಲ್ಲಿ ದುಡ್ಡು ಉಂಟಾ ಅಂತ. ಉಂಟು ಅಂದರೆ ಅದರಲ್ಲಿ ಒಂದು ತುಂಡನ್ನು ಪಕ್ಕಕ್ಕಿಟ್ಟು, ಇಷ್ಟು ಸೆಕೆಂಡು ಅಥವಾ ಇಷ್ಟು ಡೇಟಾ ಬಳಸಲು ಬಿಡು ಅನ್ನುತ್ತದೆ. ಅದು ಮುಗಿದರೆ ಇನ್ನೊಂದು ತುಂಡು. ಕರೆ ಮುಗಿದಾಗ ಬಳಸದೆ ಉಳಿದದ್ದು ವಾಪಸು ಖಾತೆಗೆ. ನಾವು ಬ್ಯಾಂಕಿನಲ್ಲಿ ಲಿಯನ್ ಹಾಕುವುದು ಇದೇ ರೀತಿ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೆಲ್ಲ ಆಗುತ್ತದೆ. ಇದನ್ನು ಕಟ್ಟಿದವರ ಜಾಣತನಕ್ಕೆ ಕೈಮುಗಿಯಬೇಕು. ಅದರಲ್ಲಿ ನನಗೆ ತಕರಾರಿಲ್ಲ.

ನನ್ನ ತಕರಾರು ಇರುವುದು ಲೆಕ್ಕ ಯಾರಿಗೆ ಕಾಣಿಸುತ್ತದೆ ಅನ್ನುವುದರಲ್ಲಿ.

ಸ್ವಲ್ಪ ಯೋಚಿಸಿ. ಪೋಸ್ಟ್‌ಪೇಡ್ ಗಿರಾಕಿ ಮೊದಲು ಮಾತಾಡಿ ಆಮೇಲೆ ದುಡ್ಡು ಕೊಡುತ್ತಾನೆ. ಅಂದರೆ ಕಂಪನಿಗೆ ಅವನು ಸಾಲಗಾರ. ಪ್ರೀಪೇಡ್ ಗಿರಾಕಿ ಮೊದಲೇ ದುಡ್ಡು ಕಟ್ಟಿ ಆಮೇಲೆ ಮಾತಾಡುತ್ತಾನೆ. ಅಂದರೆ ಅವನು ಠೇವಣಿದಾರ. ಅವನು ಕಟ್ಟಿದ, ಇನ್ನೂ ಬಳಸದ ಹಣವನ್ನು ಕಂಪನಿ ತನ್ನ ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಣೆಯ ಕಡೆಗೇ ಬರೆದುಕೊಳ್ಳಬೇಕು. ಇದು ಬಿ.ಕಾಂ. ಹುಡುಗರಿಗೂ ಗೊತ್ತು. ನಮ್ಮ ದೇಶದ ಮೊಬೈಲ್ ಗಿರಾಕಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಪ್ರೀಪೇಡಿನವರು.

ಈಗ ನೋಡಿ ತಮಾಷೆ. ಸಾಲಗಾರನಿಗೆ ತಿಂಗಳು ತಿಂಗಳು ಬಿಲ್ಲು ಬರುತ್ತದೆ. ಠೇವಣಿದಾರನಿಗೆ? 2012ರ ಗ್ರಾಹಕ ರಕ್ಷಣೆ ನಿಯಮಗಳಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಪ್ರೀಪೇಡ್ ಗಿರಾಕಿ ಕೇಳಿದರೆ ಬಾಬುವಾರು ಲೆಕ್ಕ ಕೊಡಬೇಕು ಅಂತ ಹೇಳಿತು. ಒಳ್ಳೆಯದೇ. ಆದರೆ ಅದಕ್ಕೆ 50 ರೂಪಾಯಿ ಮೀರದಂತೆ ಶುಲ್ಕ ತೆಗೆದುಕೊಳ್ಳಬಹುದು ಅಂತಲೂ ಸೇರಿಸಿತು. ಮೂವತ್ತು ರೂಪಾಯಿ ಎಲ್ಲಿ ಹೋಯಿತು ಅಂತ ತಿಳಿಯಲು ಐವತ್ತು ರೂಪಾಯಿ! ನಮ್ಮ ಬ್ಯಾಂಕಿನಲ್ಲಿ ಸಾಲ ಪಡೆದವರಿಗೆ ಸ್ಟೇಟ್‌ಮೆಂಟ್ ಉಚಿತ, ಉಳಿತಾಯ ಖಾತೆಯವರು ಪಾಸ್‌ಬುಕ್ಕಿಗೆ ದುಡ್ಡು ಕೊಡಿ ಅಂದರೆ ಜನ ಕೌಂಟರಿನ ಗಾಜು ಒಡೆಯುತ್ತಾರೆ.

ಈಗ ಆ್ಯಪ್ ಇದೆಯಲ್ಲ, ಎಲ್ಲ ಅದರಲ್ಲೇ ಕಾಣಿಸುತ್ತದೆ ಅಂತ ನನ್ನ ಅಳಿಯನೂ ಹೇಳಿದ. ನಿಜ. ನನಗೂ ನಿಮಗೂ ಕಾಣಿಸುತ್ತದೆ. ಅಮ್ಮನ ಬಟನ್ ಫೋನಿನಲ್ಲಿ ಆ್ಯಪ್ ಎಲ್ಲಿಂದ ಬರಬೇಕು? ಯಾರಿಗೆ ಒಂದೊಂದು ರೂಪಾಯಿಯೂ ಲೆಕ್ಕವೋ ಅವರಿಗೇ ಲೆಕ್ಕ ಕಾಣಿಸುವುದಿಲ್ಲ. ಇನ್ನು ಕೆಲವರು, ಈಗೆಲ್ಲ ಅನ್‌ಲಿಮಿಟೆಡ್, ಕರೆಗೆ ಲೆಕ್ಕವೇ ಬೇಡ ಅನ್ನುತ್ತಾರೆ. 2009ರಲ್ಲಿ ಟಾಟಾ ಡೊಕೊಮೊದವರು ಸೆಕೆಂಡಿಗೆ ಒಂದು ಪೈಸೆ ಅಂತ ಶುರುಮಾಡಿದಾಗ ಎಷ್ಟು ಸೆಕೆಂಡು ಮಾತಾಡಿದೆವು ಅನ್ನುವುದೇ ಮುಖ್ಯವಾಗಿತ್ತು. ಈಗ ಸೆಕೆಂಡಿನ ಬದಲು ದಿನದ ಲೆಕ್ಕ ಬಂದಿದೆ, ಅಷ್ಟೇ ವ್ಯತ್ಯಾಸ. ಆ ದಿನದ ಲೆಕ್ಕದಲ್ಲೇ ಒಂದು ಜಾಣ್ಮೆ ಇತ್ತು, ಗಮನಿಸಿದ್ದೀರಾ? ಇಪ್ಪತ್ತೆಂಟು ದಿನದ ಪ್ಯಾಕು ವರ್ಷಕ್ಕೆ ಹನ್ನೆರಡು ಸಲ ಹಾಕಿದರೆ ಆಗುವುದು 336 ದಿನ. ವರ್ಷ ತುಂಬಬೇಕಾದರೆ ಹದಿಮೂರು ಸಲ ಹಾಕಬೇಕು, ಆಗ 364. ನಮಗೆ ಸಂಬಳ ಹನ್ನೆರಡು, ಕಂಪನಿಗೆ ಬಾಡಿಗೆ ಹದಿಮೂರು. ನಾನು ಗಿರಾಕಿಗೆ ನಿಮ್ಮ ಗೃಹಸಾಲಕ್ಕೆ ವರ್ಷಕ್ಕೆ ಹದಿಮೂರು ಕಂತು ಅಂದರೆ ನನ್ನನ್ನು ಅಲ್ಲೇ ಹಿಡಿದು ಕೂರಿಸುತ್ತಾರೆ.

ತಪ್ಪುಗಳು ಎಲ್ಲಿ ಆಗುತ್ತವೆ? ಯಂತ್ರ ಕೂಡಿಸುವುದರಲ್ಲಿ ತಪ್ಪುವುದಿಲ್ಲ. ತಪ್ಪುವುದು ಮನುಷ್ಯ ಬರೆದ ದರದ ಕೋಷ್ಟಕದಲ್ಲಿ. ಬ್ಯಾಂಕಿನಲ್ಲಿ ಬಡ್ಡಿಯ ಮಾಸ್ಟರಿನಲ್ಲಿ ಒಂದು ಅಂಕಿ ತಪ್ಪಿದರೆ ಅಷ್ಟೂ ಖಾತೆಗಳಲ್ಲಿ ಬಡ್ಡಿ ತಪ್ಪುತ್ತದೆ. ಹಿಂದೆ ಲೆಡ್ಜರಿನಲ್ಲಿ ಗುಮಾಸ್ತ ತಪ್ಪು ಮಾಡಿದರೆ ಒಬ್ಬನಿಗೆ ನಷ್ಟ, ಈಗ ಒಂದೇ ಸಲ ಲಕ್ಷ ಜನಕ್ಕೆ. ಹಾಗಂತಲೇ ಟ್ರಾಯ್ 2006ರಲ್ಲಿ ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರತೆಗೆ ನಿಯಮ ಮಾಡಿ ವರ್ಷ ವರ್ಷ ಆಡಿಟ್ ಆಗಬೇಕು ಅಂದಿತು. 2023ರಲ್ಲಿ ಆ ನಿಯಮಕ್ಕೆ ಹೊಸ ರೂಪ ಬಂತು. ಹೆಚ್ಚು ವಸೂಲಾದದ್ದು ಸಿಕ್ಕರೆ ವಾಪಸು ಕೊಡಬೇಕು. ವಾಪಸು ಕೊಡಲಾಗದೆ ಉಳಿದ ಹಣಕ್ಕೆ 2007ರ ನಿಯಮದಂತೆ ಒಂದು ಗ್ರಾಹಕ ನಿಧಿಯೇ ಇದೆ. ಆಡಿಟ್ ಬೇಕು, ನಾನು ಬೇಡ ಅನ್ನುವುದಿಲ್ಲ. ಮೂವತ್ತೈದು ವರ್ಷದಲ್ಲಿ ಎಷ್ಟು ಆಡಿಟ್ ನೋಡಿಲ್ಲ! ಆಡಿಟರು ನೋಡುವುದು ಸ್ಯಾಂಪಲ್ಲು. ತನ್ನ ಒಂದು ಎಂಟ್ರಿ ತಪ್ಪಿದೆ ಅಂತ ಹಿಡಿಯಬಲ್ಲವನು ಖಾತೆದಾರ ಒಬ್ಬನೇ. ಅದಕ್ಕೇ ಪಾಸ್‌ಬುಕ್ ಇರುವುದು.

ಕಂಪನಿ ಕಂಪನಿಗಳ ನಡುವಿನ ವ್ಯವಹಾರ ಹೇಗಿರುತ್ತದೆ ಗೊತ್ತೇ? ಒಂದು ಕಂಪನಿಯ ಗಿರಾಕಿ ಇನ್ನೊಂದು ಕಂಪನಿಯ ಗಿರಾಕಿಗೆ ಕರೆ ಮಾಡಿದರೆ ಮೊದಲನೆಯದು ಎರಡನೆಯದಕ್ಕೆ ಶುಲ್ಕ ಕೊಡಬೇಕಿತ್ತು. 2017ರ ಅಕ್ಟೋಬರಿನಲ್ಲಿ ಅದು ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿಯಿತು, 2021ರ ಜನವರಿಯಿಂದ ಸೊನ್ನೆಯಾಯಿತು. ಆ ಆರು ಪೈಸೆಯ ಕಾಲದಲ್ಲೂ ಎರಡೂ ಕಡೆಯವರು ತಮ್ಮ ತಮ್ಮ ದಾಖಲೆ ಇಟ್ಟುಕೊಂಡು ಎದುರುಬದುರು ಕೂತು ತಾಳೆ ನೋಡುತ್ತಿದ್ದರು. "ನಮ್ಮ ಸಿಸ್ಟಮ್ ತೋರಿಸ್ತಾ ಇದೆ" ಅಂತ ಒಬ್ಬರು ಹೇಳಿದರೆ ಇನ್ನೊಬ್ಬರು ಒಪ್ಪುವವರೇ ಅಲ್ಲ. ಹಾಗೆಯೇ ಸರ್ಕಾರಕ್ಕೆ ಕೊಡಬೇಕಾದ ಲೈಸೆನ್ಸ್ ಶುಲ್ಕಕ್ಕೆ ಯಾವ ಯಾವ ಆದಾಯ ಸೇರಬೇಕು ಅನ್ನುವ ವ್ಯಾಜ್ಯವನ್ನು ಕಂಪನಿಗಳು ಒಂದು ದಶಕಕ್ಕೂ ಮಿಕ್ಕಿ ನಡೆಸಿದವು. 2019ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು. ತೀರ್ಪು ಸರಿಯೋ ತಪ್ಪೋ ಬಿಡಿ. ಕೊಟ್ಟ ಬಿಲ್ಲನ್ನು ಪ್ರಶ್ನಿಸುವುದು ಹೇಗೆ ಅಂತ ಕಂಪನಿಗಳಿಗೆ ಚೆನ್ನಾಗಿ ಗೊತ್ತು ಅನ್ನುವುದಷ್ಟೇ ನನ್ನ ಮಾತು. ಅದೇ ಅವಕಾಶ ಅಮ್ಮನಿಗೂ ಇರಬೇಕು ಅನ್ನುವುದು ಹೆಚ್ಚಾಯಿತೇ?

ಬಿಲ್ಲು ಅಂದರೆ ತೀರ್ಪಲ್ಲ. ಇಷ್ಟು ನನಗೆ ಬರಬೇಕು ಅಂತ ಒಬ್ಬರು ಇನ್ನೊಬ್ಬರ ಮುಂದೆ ಇಡುವ ಬೇಡಿಕೆ. ಯಾಕೆ ಬರಬೇಕು ಅಂತ ತೋರಿಸುವ ಜವಾಬ್ದಾರಿ ಬೇಡುವವರದು. ಪೋಸ್ಟ್‌ಪೇಡಿನಲ್ಲಿ ಒಂದು ಅನುಕೂಲ ಇತ್ತು. ಬಿಲ್ಲು ತಪ್ಪಿದ್ದರೆ ದುಡ್ಡು ಕಟ್ಟುವ ಮೊದಲೇ ಜಗಳ ಆಡಬಹುದಿತ್ತು. ಪ್ರೀಪೇಡಿನಲ್ಲಿ ದುಡ್ಡು ಆಗಲೇ ಅವರ ಕೈಯಲ್ಲಿದೆ. ಕತ್ತರಿಸಿ ಆದ ಮೇಲೆ ನಾವು ಹಿಂದೆ ಓಡಬೇಕು.

ಓಡಿದರೆ ಎಲ್ಲಿಗೆ? ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲೊಂದು ಡಾಕೆಟ್ ನಂಬರು. ಸಮಾಧಾನ ಆಗದಿದ್ದರೆ 2012ರ ನಿಯಮದ ಪ್ರಕಾರ ಅಪೀಲು. ಆ ಅಪೀಲು ಕೇಳುವವರೂ ಅದೇ ಕಂಪನಿಯವರೇ. ಟ್ರಾಯ್ ಬಿಡಿಬಿಡಿ ಗಿರಾಕಿಗಳ ದೂರನ್ನು ತೀರ್ಮಾನಿಸುವುದಿಲ್ಲ. ಗ್ರಾಹಕ ನ್ಯಾಯಾಲಯ? 2009ರಲ್ಲಿ ಸುಪ್ರೀಂ ಕೋರ್ಟು ಟೆಲಿಫೋನ್ ಬಿಲ್ಲಿನ ತಕರಾರು ಹಳೇ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಮಧ್ಯಸ್ಥಿಕೆಗೆ ಹೋಗಬೇಕು ಅಂದಿತ್ತು. ಹದಿಮೂರು ವರ್ಷದ ಮೇಲೆ, 2022ರ ಫೆಬ್ರುವರಿಯಲ್ಲಿ, ಗ್ರಾಹಕ ನ್ಯಾಯಾಲಯಕ್ಕೂ ಹೋಗಬಹುದು ಅಂತ ಅದೇ ಕೋರ್ಟು ಸ್ಪಷ್ಟಪಡಿಸಿತು. ಅದೊಂದು ದೊಡ್ಡ ಉಪಕಾರ. ಆದರೂ ಮೂವತ್ತು ರೂಪಾಯಿಗೆ ಯಾರು ಕೋರ್ಟು ಹತ್ತುತ್ತಾರೆ ಹೇಳಿ?

ಬ್ಯಾಂಕಿನಲ್ಲಿ 1995ರಿಂದ ಓಂಬುಡ್ಸ್‌ಮನ್ ವ್ಯವಸ್ಥೆ ಇದೆ. ರಿಸರ್ವ್ ಬ್ಯಾಂಕಿನ ಅಧಿಕಾರಿ, ನಮ್ಮ ಕೈಕೆಳಗಿನವರಲ್ಲ, ಗಿರಾಕಿಗೆ ಶುಲ್ಕವೂ ಇಲ್ಲ. ಅಲ್ಲಿಂದ ಒಂದು ಕಾಗದ ಬಂದರೆ ಬ್ರಾಂಚಿನಲ್ಲಿ ಹೇಗೆ ಓಡಾಡುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದುವರೆಗೆ 'ಸಿಸ್ಟಮ್‌ನಲ್ಲಿ ಕಾಣಿಸುವುದಿಲ್ಲ' ಅಂದ ದಾಖಲೆ ಅರ್ಧ ಗಂಟೆಯಲ್ಲಿ ಕಾಣಿಸುತ್ತದೆ! ಟೆಲಿಕಾಂಗೂ ಓಂಬುಡ್ಸ್‌ಮನ್ ಬೇಕು ಅಂತ ಟ್ರಾಯ್ 2017ರ ಮಾರ್ಚಿನಲ್ಲೇ ಶಿಫಾರಸು ಮಾಡಿದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಆನ್‌ಲೈನ್ ವ್ಯಾಜ್ಯ ಪರಿಹಾರದ ಮಾತೂ ಇದೆ. ಬಟನ್ ಫೋನಿನ ಮುದುಕಿಗೆ ಆನ್‌ಲೈನ್ ಹೇಗೆ ಸಿಗುತ್ತದೆ ಅಂತಲೂ ಯಾರಾದರೂ ಯೋಚಿಸಬೇಕು.

ಎಲ್ಲ ಹಾಳಾಗಿದೆ ಅಂತ ಹೇಳಿ ಎದ್ದುಹೋಗುವವನು ನಾನಲ್ಲ. ಜನ ಕೂಗಿದಾಗ ಬದಲಾವಣೆ ಆಗಿದೆ. 2013ರ ಜುಲೈಯಲ್ಲಿ ಟ್ರಾಯ್, ಇಂಥ ಸೇವೆಗಳನ್ನು ಹಾಕುವ ಮೊದಲು ಗಿರಾಕಿಯಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು ಅಂತ ಆದೇಶ ಮಾಡಿತು. ಅದು ಒಂದು ವರ್ಷ ಮೊದಲೇ ಆಗಿದ್ದರೆ ಅಮ್ಮನ ಫೋನಿಗೆ ಭಜನೆ ಬರುತ್ತಿರಲಿಲ್ಲ. 2022ರ ಜನವರಿಯಲ್ಲಿ ಪ್ರತಿ ಕಂಪನಿಯೂ ಮೂವತ್ತು ದಿನದ್ದು, ಪ್ರತಿ ತಿಂಗಳು ಒಂದೇ ತಾರೀಕಿಗೆ ಬರುವಂಥದ್ದು ಕೂಡ ಇಡಲೇಬೇಕು ಅಂದಿತು. 2024ರ ಡಿಸೆಂಬರಿನಲ್ಲಿ, ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕು ಕೊಡಬೇಕು, ಅವಧಿ 365 ದಿನದವರೆಗೂ ಇರಬಹುದು ಅಂದಿತು. ಅಮ್ಮನಿಗೆ ಈಗ ಅದೇ ಪ್ಯಾಕು. ಅಲ್ಲಿಯವರೆಗೆ ಅವಳು ಒಂದು ಎಂಬಿಯೂ ಬಳಸದೆ ದಿನಾ ಡೇಟಾಕ್ಕೆ ದುಡ್ಡು ಕೊಡುತ್ತಿದ್ದಳು!

ಇನ್ನು ನಾನು ಕೇಳುವುದು ಮೂರೇ.

ಒಂದು, ಪ್ರೀಪೇಡ್ ಗಿರಾಕಿಗೂ ಲೆಕ್ಕ ಉಚಿತವಾಗಿ ಸಿಗಲಿ. ಬಾಬುವಾರು ಬೇಡ ಅಂದರೆ ತಿಂಗಳಿಗೊಂದು ಎಸ್ಸೆಮ್ಮೆಸ್ ಸಾಕು, ಅವರ ಭಾಷೆಯಲ್ಲಿ. ಕಟ್ಟಿದ್ದು ಇಷ್ಟು, ಕತ್ತರಿಸಿದ್ದು ಇಷ್ಟು, ಇಂಥದಕ್ಕೆ, ಉಳಿದದ್ದು ಇಷ್ಟು. ಸಾಲದ ಚರಿತ್ರೆಯ ವರದಿಯನ್ನೇ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2017ರಿಂದ ಮಾಡಿಸಿದೆ. ಇದು ಅದಕ್ಕಿಂತ ಕಷ್ಟದ ಕೆಲಸವಲ್ಲ, ದಾಖಲೆ ಎಲ್ಲ ಅಲ್ಲೇ ಇದೆ.

ಎರಡು, ಒಪ್ಪಿಗೆ ಕೊಟ್ಟಿದ್ದಾರೆ ಅಂತ ಕಂಪನಿ ಹೇಳಿದರೆ ಯಾವ ದಿನ, ಎಷ್ಟು ಗಂಟೆಗೆ, ಯಾವ ದಾರಿಯಿಂದ ಕೊಟ್ಟರು ಅಂತ ತೋರಿಸಲಿ. ತೋರಿಸಲಾಗದಿದ್ದರೆ ಹಣ ವಾಪಸು, ಗುಡ್‌ವಿಲ್ ಅಂತಲ್ಲ, ತಪ್ಪಾಯಿತು ಅಂತ.

ಮೂರು, ಅಪೀಲು ಕೇಳುವವರು ಹೊರಗಿನವರಾಗಿರಲಿ.

ಇಷ್ಟು ಹೇಳಿ ನನ್ನ ಮನೆಯ ಕಸ ಮುಚ್ಚಿಟ್ಟರೆ ತಪ್ಪಾಗುತ್ತದೆ. ಎಸ್ಸೆಮ್ಮೆಸ್ ಶುಲ್ಕವನ್ನು ಎಲ್ಲರಿಗೂ ಒಂದೇ ತೆರನಾಗಿ ಹೇರದೆ ನಿಜವಾದ ಬಳಕೆಯ ಮೇಲೆ ಹಾಕಿ ಅಂತ ರಿಸರ್ವ್ ಬ್ಯಾಂಕು 2013ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ಹೇಳಬೇಕಾಯಿತು. ಅಂದರೆ ಆ ಗಿರಣಿ ಕಾಕಾ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಇನ್ನೊಂದು ಮಾತು. ಈಗ ಓಟಿಪಿ ಇಲ್ಲದೆ ಬ್ಯಾಂಕಿನಲ್ಲಿ ಏನೂ ನಡೆಯುವುದಿಲ್ಲ. ಪಿಂಚಣಿದಾರರು ಯಾರಿಗೂ ಫೋನ್ ಮಾಡದಿದ್ದರೂ ಬ್ಯಾಂಕಿನ ಸಲುವಾಗಿ ನಂಬರು ಜೀವಂತ ಇಡಬೇಕು. ತೊಂಬತ್ತು ದಿನ ಬಳಸದೆ ಬಿಟ್ಟು, ಖಾತೆಯಲ್ಲಿ ಇಪ್ಪತ್ತು ರೂಪಾಯಿಯೂ ಇಲ್ಲದಿದ್ದರೆ ಆ ನಂಬರು ಹೋಗಬಹುದು, ಮುಂದೆ ಬೇರೆಯವರ ಪಾಲಾಗಬಹುದು. ಹೀಗೆ ನಂಬರು ಕಳೆದುಕೊಂಡು ಕೌಂಟರಿಗೆ ಬಂದ ಮುದುಕರನ್ನು ನಾನು ನೋಡಿದ್ದೇನೆ. ಫೋನು ಬೇಕೇ ಬೇಕು ಅಂತ ಮಾಡಿದವರಲ್ಲಿ ನಾವೂ ಇದ್ದೇವೆ. ಹಾಗಾಗಿ ಅದರ ಲೆಕ್ಕ ಸರಿಯಿದೆಯೇ ಅನ್ನುವುದು ನಮಗೂ ಸಂಬಂಧಿಸಿದ್ದೇ.

ಆ ಕಾಕಾ ಮತ್ತೆ ನನ್ನ ಕೌಂಟರಿಗೆ ಬರಲಿಲ್ಲ. ಮರುವರ್ಷ ನನಗೆ ವರ್ಗವಾಯಿತು. ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಯಾರೇ ಬಂದು ಈ ಕಟಾವು ಯಾಕೆ ಅಂತ ಕೇಳಿದರೂ 'ಸಿಸ್ಟಮ್' ಅನ್ನುವ ಪದ ಬಳಸುವುದಿಲ್ಲ. "ಬ್ಯಾಂಕು ಕತ್ತರಿಸಿದೆ, ಇಂಥ ಕಾರಣಕ್ಕೆ" ಅನ್ನುತ್ತೇನೆ. ಕಾರಣ ನನಗೇ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನಾಳೆ ತಿಳಿದು ಹೇಳುತ್ತೇನೆ ಅನ್ನುತ್ತೇನೆ. ಕೆಲಸ ಹೆಚ್ಚಾಗಿದೆ. ಕೈಕೆಳಗಿನ ಹುಡುಗರು ಸಾಹೇಬರಿಗೆ ಬೇರೆ ಕೆಲಸವಿಲ್ಲ ಅಂತ ನಗುತ್ತಾರೆ. ನಗಲಿ.

ನಿಮ್ಮ ಅಪ್ಪ ಅಮ್ಮ, ಮನೆಗೆಲಸಕ್ಕೆ ಬರುವ ಮಾವಶಿ, ಬಿಲ್ಡಿಂಗಿನ ವಾಚ್‌ಮನ್, ಇವರ ಫೋನಿನ ಬ್ಯಾಲೆನ್ಸನ್ನು ಒಮ್ಮೆ ನೋಡಿ. ಗೊತ್ತಿಲ್ಲದ ಕಟಾವು ಕಂಡರೆ ದೂರು ಕೊಡಿ, ಡಾಕೆಟ್ ನಂಬರು ಬರೆದಿಟ್ಟುಕೊಳ್ಳಿ, ಅಪೀಲು ಇದೆ ಅಂತ ನೆನಪಿಡಿ. ಮೂವತ್ತು ರೂಪಾಯಿಗೆ ಇಷ್ಟೆಲ್ಲ ಯಾಕೆ ಅಂದರೆ, ಮೂವತ್ತೇ ಅಲ್ಲವೇ ಅಂತ ಎಲ್ಲರೂ ಬಿಡುತ್ತಾರೆ ಅನ್ನುವುದು ಎದುರಿಗಿರುವವರಿಗೂ ಗೊತ್ತಿದೆ.

ಅಮ್ಮ ಮಾತ್ರ ಬಿಟ್ಟಿಲ್ಲ. ಹಸು ಈಗಿಲ್ಲ, ಡೈರಿ ಪುಸ್ತಕ ಇದೆ. ಅದರ ಖಾಲಿ ಹಾಳೆಯಲ್ಲಿ ನಾನು ರೀಚಾರ್ಜ್ ಮಾಡಿದ ತಾರೀಕು, ರೂಪಾಯಿ ಎರಡನ್ನೂ ಬರೆದಿಡುತ್ತಾಳೆ. ಕಳೆದ ಸಲ ಊರಿಗೆ ಹೋದಾಗ ನನ್ನ ಆ್ಯಪ್ ತೆಗೆದು ತಾಳೆ ನೋಡಿದೆ. ಒಂದು ರೂಪಾಯಿಯೂ ವ್ಯತ್ಯಾಸ ಇರಲಿಲ್ಲ.